ಅತ್ತೆ ಒತ್ತದ ತಕರಾರು

ಚನ್ನಗಿರಿಯ ನಮ್ಮ ಅಡಿಕೆ ಬೆಳೆಗಾರರ ಸಂಘಕ್ಕೆ ಬ್ಲಾಕ್‌ಚೈನ್ ತಂದವನು ನಾನೇ. ಯಾರ ಚೀಲದಲ್ಲಿ ಎಂಥ ಅಡಿಕೆ ಇತ್ತೆಂಬುದನ್ನು ಆಮೇಲೆ ಯಾರೂ ತಿದ್ದಬಾರದು ಎಂಬುದು ಉದ್ದೇಶ. ಆದರೆ ಒಂದೊಂದು ಚೀಲವನ್ನೂ ಚೈನಿಗೆ ಏರಿಸುತ್ತ ಕೂತರೆ ಕೆಲಸ ಸಾಗುವುದಿಲ್ಲ, ಖರ್ಚೂ ಮೈಮೇಲೆ ಬರುತ್ತದೆ. ಅದಕ್ಕೇ ದಿನದ ವಿವರವನ್ನೆಲ್ಲ ಚೈನಿನ ಹೊರಗೆ, ಸಂಘದ ಕಂಪ್ಯೂಟರಿನಲ್ಲೇ ಕಲೆಹಾಕಿ, ಸಂಜೆ ಒಂದೇ ಗಂಟು ಕಟ್ಟಿ ಕಳಿಸುವ ಪದ್ಧತಿ ಮಾಡಿದೆ. ಗಂಟಿನೊಳಗಿರುವುದೆಲ್ಲ ಸರಿಯೆಂದೇ ಚೈನು ನಂಬುತ್ತದೆ. ತಪ್ಪು ಕಂಡವರು ಮೂರು ದಿನದೊಳಗೆ ಮೊಬೈಲಿನಲ್ಲಿ ‘ತಕರಾರು’ ಎಂಬ ಗುಂಡಿ ಒತ್ತಬೇಕು. ಯಾರೂ ಒತ್ತದಿದ್ದರೆ ಅದೇ ಕಾಯಂ. “ಮೌನಂ ಸಮ್ಮತಿ ಲಕ್ಷಣಂ” ಎಂದು ಸಭೆಯಲ್ಲಿ ಜಂಬದಿಂದ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಬಸವಾಪಟ್ಟಣದ ನನ್ನ ಸೋದರತ್ತೆ ತಾನೇ ನಿಂತು ಬೇಯಿಸಿ, ಒಣಗಿಸಿ, ಆರಿಸಿದ ‘ರಾಶಿ’ ಎಂಬ ಮೇಲ್ದರ್ಜೆಯ ಅಡಿಕೆ ತಂದಿದ್ದಳು. ಆ ಕೆಂಪು ಬಣ್ಣವೆಂದರೆ ಅವಳಿಗೆ ಪ್ರಾಣ. “ಈ ಸಲ ನನ್ ಹೆಸರಿನ ಚೀಟಿ ಹಚ್ಕೊಂಡೇ ಹೋಗ್ಲಿ ಕಣೋ” ಎಂದಿದ್ದಳು. ಮೇಲ್ದರ್ಜೆಯ ಚೀಲಕ್ಕಷ್ಟೇ ನಾವು ಬೆಳೆದವರ ಹೆಸರಿನ ಚೀಟಿ ಹಚ್ಚುತ್ತಿದ್ದೆವು. ಅವಸರದಲ್ಲಿ ನಾನು ಅದನ್ನು ಗೊರಬಲು ಎಂದು, ಅಂದರೆ ಕೆಳದರ್ಜೆಯದೆಂದು ದಾಖಲಿಸಿದೆ. ಬಾಯಿ ಹೊಲಿದ ಚೀಲವನ್ನು ಮತ್ತೆ ಬಿಚ್ಚಿ ನೋಡುವವರು ಯಾರು? ಮೂರು ದಿನ ಕಳೆದರೂ ತಕರಾರು ಬರಲಿಲ್ಲ. ಅವಳ ಅಡಿಕೆ ಹೆಸರಿಲ್ಲದೆ, ಕಂಡವರ ಗೊರಬಲಿನ ಜೊತೆ ಬೆರೆತು ಲಾರಿ ಏರಿತು. ನನಗೆ ಗೊತ್ತಾಗುವ ಹೊತ್ತಿಗೆ ತಿದ್ದಲು ದಾರಿಯಿರಲಿಲ್ಲ. ಆ ದಾರಿ ಮುಚ್ಚಿದವನೂ ನಾನೇ.

ಮರುದಿನವೇ ಅವಳ ಮನೆಗೆ ಹೋದೆ. ಅತ್ತೆ ಏನೂ ಆಗದವಳಂತೆ ತಟ್ಟೆ ಇಟ್ಟು ಮುದ್ದೆ, ಸಾರು ಬಡಿಸಿದಳು. ಒಂದು ತುತ್ತು ನುಂಗಿ ನಾನೇ ಮಾತೆತ್ತಿದೆ.

“ತಪ್ಪು ನಂದೇ ಅತ್ತೆ. ಮೊಬೈಲ್‌ನಾಗೆ ನೋಡ್ಲಿಲ್ವೇನು ನೀನು?”

“ಅವತ್ತೇ ಸಂಜೀಕೆ ನೋಡಿದ್ನಲ್ಲ.”

“ಮತ್ತೆ ಯಾಕೆ ಒತ್ಲಿಲ್ಲ?”

“ಬರ್ದೋನು ನೀನು. ಅಣ್ಣನ ಮಗನ ಮ್ಯಾಲೆ ತಕರಾರು ಹಾಕಾಕಾಗ್ತೈತೇನೋ? ಸಂಘದಾಗೆ ನಾಕು ಜನ ಏನಂದಾರು?”

ನನ್ನ ಮರ್ಯಾದೆ ಉಳಿಸಲು ತನ್ನ ಹೆಸರನ್ನೇ ಬಿಟ್ಟುಕೊಟ್ಟಿದ್ದಳು. ಇಲ್ಲೇ ಹುಟ್ಟಿ ಬೆಳೆದವನು ನಾನು. ನಮ್ಮ ಕಡೆ ತನ್ನವರತ್ತ ಬೆರಳು ತೋರಿಸುವುದು ಎಷ್ಟು ದೊಡ್ಡ ಮಾತೆಂದು ನನಗೆ ಗೊತ್ತಿರಬೇಕಿತ್ತು. ತಪ್ಪು ಕಂಡರೆ ಜನ ಕೂಗುತ್ತಾರೆಂದು ನಂಬಿ ಎಲ್ಲವನ್ನೂ ಕಟ್ಟಿದ್ದೆ; ಅತ್ತೆಯಂಥವರನ್ನು ಮರೆತೇಬಿಟ್ಟಿದ್ದೆ. ನಾಚಿಕೆಯಾಯಿತು. ಅವಳ ಮೇಲೆ ಸಿಟ್ಟೂ ಬಂತು, ಆ ಸಿಟ್ಟಿಗೆ ಮತ್ತೆ ನಾಚಿಕೆಯಾಯಿತು.

“ಇರ್ಲಿ ಬಿಡು. ಸಾರು ಹೆಂಗೈತೆ?”

“ಚೆನ್ನಾಗೈತತ್ತೆ” ಎಂದು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ.

ನನ್ನದಾದ ಮೇಲೆ ಅವಳು ಕೂತಳು. ಮೊದಲ ತುತ್ತಿಗೇ ಮುಖ ಕಿವುಚಿದಳು.

“ಅಯ್ಯೋ, ಉಪ್ಪೇ ಹಾಕಿಲ್ವಲ್ಲೋ! ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು ನಿಂಗೆ?”