ಕೊರಳಲ್ಲಿ ಲಿಂಗ ಇತ್ತಂತೆ

2019ರ ಬೇಸಿಗೆ. ಪೂರ್ವ ಕಾಂಗೋದಲ್ಲಿ ಎಬೋಲಾ ಹಬ್ಬಿ ವರ್ಷವಾಗುತ್ತ ಬಂದಿತ್ತು. ನನ್ನ ತಮ್ಮ ಈರಣ್ಣ ಅಲ್ಲಿಯ ಒಂದು ಊರಿನಲ್ಲಿ ಬೋರ್‌ವೆಲ್ ಕೊರೆಯುವ ಗಾಡಿಯ ಮೇಲೆ ಕೆಲಸಕ್ಕಿದ್ದ. ನಾನು ಅವ್ವನ ಜೊತೆ ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿದ್ದೆ. ಹೆಣ ಹೂಳಲು ಬಂದವರ ಮೇಲೆ ಅಲ್ಲಿಯ ಜನ ಕಲ್ಲು ತೂರಿದ್ದನ್ನು ಟಿವಿಯಲ್ಲಿ ನೋಡಿ, "ಎಂಥಾ ತಿಳಿಗೇಡಿ ಮಂದಿಯೋ ಅವರು," ಎಂದು ತಮ್ಮನಿಗೆ ಫೋನಿನಲ್ಲಿ ಅಂದಿದ್ದೆ.

"ಹಂಗ ಅನಬ್ಯಾಡಕ್ಕಾ. ಆಸ್ಪತ್ರಿ ಒಳಗ ಹೋದವರು ತಿರುಗಿ ಬರೂದಿಲ್ಲಂತ ಅಂಜ್ಯಾರ. ನನಗೂ ಅಂಜಿಕಿ ಐತಿ," ಅಂದ.

ಜ್ವರ ಬಂದಾಗ ಅವನೂ ನಾಲ್ಕು ದಿನ ಆಸ್ಪತ್ರೆಗೆ ಹೋಗಲಿಲ್ಲವಂತೆ. ಹೋದ ಮೂರನೆಯ ದಿನ ತೀರಿಕೊಂಡ. ಅಲ್ಲಿಯೇ ಮಣ್ಣು ಮಾಡಿದರು. ಕಂಪನಿಯವರು ನನ್ನ ಫೋನಿಗೆ ಕಳಿಸಿದ್ದು ಫ್ರೆಂಚಿನಲ್ಲಿದ್ದ ಒಂದೇ ಒಂದು ಹಾಳೆ.

ಅವ್ವ ನಂಬಲಿಲ್ಲ. "ಹೆಣಾ ತೋರ್ಸಿಲ್ಲ, ನಾ ಮಣ್ಣು ಕೊಟ್ಟಿಲ್ಲ. ಸತ್ತಾನಂತ ಹ್ಯಾಂಗ ಹೇಳ್ಲಿ? ಎಲ್ಲೋ ಮುಚ್ಚಿಟ್ಟಾರ ನನ್ನ ಮಗನ್ನ," ಅನ್ನುತ್ತಿದ್ದಳು. ಊಟ ಬಿಟ್ಟಳು. ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ಬಿಟ್ಟಳು. ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಟೊರೊಂಟೊ ಪಕ್ಕದ ಎರಿನ್ ಮಿಲ್ಸ್‌ನಲ್ಲಿರುವ ಧಾರವಾಡದ ಕಡೆಯವರೊಬ್ಬರು ಫೋನ್ ಮಾಡಿ ಅತ್ತರು. ಕೊನೆಗೆ, "ಅಕ್ಕಾರ, ಅವರ ಬ್ಯಾಗ್ ಗೀಗ್ ಏನರ ನಿಮ್ಮನಿಗೆ ಬಂದಾವೇನ್ರಿ?" ಎಂದು ಕೇಳಿದರು. ಏನೂ ಬಂದಿಲ್ಲ ಎಂದೆ. ಆದರೂ ಅವರು ಮಾತಾಡಿಸಲು ಬರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಆದರೆ ನಮ್ಮ ಮಹಡಿಯಲ್ಲೇ ಇದ್ದ ಕಾಂಗೋದ ಜೋಸೆಫೀನ್ ಲಿಫ್ಟಿನಲ್ಲಿದ್ದರೆ ನಾನೂ ಎಷ್ಟೋ ತಿಂಗಳಿಂದ ಹತ್ತದೆ ನಿಲ್ಲುತ್ತಿದ್ದೆ.

ಐದನೆಯ ದಿನ ಹಾಳೆ ಓದಿಸಲು ಅವರ ಬಾಗಿಲನ್ನೇ ತಟ್ಟಿದೆ. ಅವರು ನಮ್ಮ ಮನೆಗೆ ಬಂದು, ಅವ್ವನ ಎದುರು ಕುಳಿತು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಹೆಸರು, ತಾರೀಖು, ಗೋರಿಯ ನಂಬರು. ಕೊನೆಯ ಸಾಲಿನಲ್ಲಿ, ಗೌರವದಿಂದ ಹೂಳಲಾಗಿದೆ ಎಂದಿತ್ತು.

"ಗೌರವ ಅಂದ್ರ ಏನು? ಕುಂದರಿಸ್ಯಾರೋ ಮಲಗಿಸ್ಯಾರೋ ಕೇಳು," ಅಂದಳು ಅವ್ವ.

ನಾವು ಲಿಂಗಾಯತರು. ಸತ್ತವರಿಗೆ ಸ್ನಾನ ಮಾಡಿಸಿ, ಕುಣಿಯಲ್ಲಿ ಕೂರಿಸಿ, ಅವರು ಧರಿಸಿದ್ದ ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತೇವೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ಜೋಸೆಫೀನ್ ಆ ಊರಿನ ತಮ್ಮ ಸಂಬಂಧಿಕರಿಗೆ ಫೋನ್ ಹಚ್ಚಿ, ಹೂಳುವ ತಂಡದ ಒಬ್ಬನ ನಂಬರು ಹುಡುಕಿ, ಅವನಿಗೆ ಗೋರಿಯ ನಂಬರು ಹೇಳಿದರು. ಅವರ ಭಾಷೆಯಲ್ಲಿ ಬಹಳ ಹೊತ್ತು ಮಾತಾಯಿತು.

"ಮಲಗಿಸಿದ್ದಾರೆ. ಸ್ನಾನ ಮಾಡಿಸಿಲ್ಲ. ಯಾರೂ ಮುಟ್ಟುವಂತಿಲ್ಲ," ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅವ್ವ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಕಣ್ಣು ತೆರೆದು, "ಕೊಳ್ಳಾಗ ಲಿಂಗನರ ಇತ್ತೇನ ಕೇಳವ್ವಾ," ಅಂದಳು.

ಜೋಸೆಫೀನ್ ಅವ್ವನನ್ನೇ ನೋಡಿದರು. ಫೋನಿನಲ್ಲಿ ಮತ್ತೆ ನಾಲ್ಕೇ ಮಾತು. "ಕೊರಳಲ್ಲಿ ಇತ್ತಂತೆ. ಮೈಮೇಲಿದ್ದುದನ್ನು ಅವರು ತೆಗೆಯುವುದಿಲ್ಲ. ಹಾಗೇ ಬಿಟ್ಟರಂತೆ."

ಅವ್ವ ಎದ್ದು ಮುಖ ತೊಳೆದಳು. ವಿಭೂತಿ ಹಚ್ಚಿಕೊಂಡು ಬಂದು, "ಅನ್ನಾ ಹಾಕು. ಆಕಿಗೂ ಹಾಕು," ಅಂದಳು.

ಊಟವಾದ ಮೇಲೆ ಕಾರಿಡಾರಿನಲ್ಲಿ ಜೋಸೆಫೀನ್ ಅವರನ್ನು ಕೇಳಿದೆ, ಆ ಮನುಷ್ಯ ನಿಜವಾಗಿಯೂ ನೋಡಿದ್ದನೇ ಎಂದು. ಅವರು ತಮ್ಮ ಮನೆಯ ಬೀಗ ತೆಗೆದರು. ಮಾರ್ಚಿನಲ್ಲಿ ತಮ್ಮ ಅಣ್ಣನೂ ಇದೇ ಕಾಯಿಲೆಯಲ್ಲಿ ಹೋದ, ಅವನ ಕೈಯಲ್ಲಿ ಜಪಮಾಲೆ ಇತ್ತೆಂದು ತಮಗೂ ಫೋನಿನಲ್ಲೇ ಹೇಳಿದರು ಎಂದರು. "ನಾನು ಮತ್ತೆ ಕೇಳಲಿಲ್ಲ," ಎಂದು ಒಳಗೆ ಹೋದರು. ಒಂದೇ ಮಹಡಿಯಲ್ಲಿದ್ದೂ ಅವರ ಅಣ್ಣನ ಸುದ್ದಿ ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ಅವ್ವನೂ ತೀರಿಕೊಂಡಳು, ಮಗನ ಕೊರಳಲ್ಲಿ ಲಿಂಗವಿತ್ತೆಂದೇ ನಂಬಿ. ನಾನು ಒಂದು ದಿನ ನಂಬುತ್ತೇನೆ, ಒಂದು ದಿನ ಇಲ್ಲ. ಮಲಗಿಸಿದ್ದನ್ನು ಮುಚ್ಚಿಡದವರು ಇದೊಂದನ್ನು ಏಕೆ ಸುಳ್ಳು ಹೇಳುತ್ತಾರೆ ಅನ್ನಿಸುತ್ತದೆ. ಅವ್ವನ ಆ ಮುಖ ನೋಡಿದ ಮೇಲೆ ಯಾರಿಗೆ ತಾನೆ ಇಲ್ಲವೆನ್ನಲು ಬಾಯಿ ಬಂದೀತು ಎಂದೂ ಅನ್ನಿಸುತ್ತದೆ. ಆ ಮನುಷ್ಯನ ನಂಬರು ಜೋಸೆಫೀನ್ ಹತ್ತಿರ ಈಗಲೂ ಇದೆ. ಬೇಕಿದ್ದರೆ ಕೊಡುತ್ತೇನೆ ಎಂದು ಅವರೇ ಒಮ್ಮೆ ಹೇಳಿದ್ದಾರೆ. ನಾನು ಇಸಿದುಕೊಂಡಿಲ್ಲ.