ಓಡಿಲಣ್ಣನ ಹಳದಿ ಬಾವುಟ

ಬೆಲ್ಜಿಯಂನ ನಮ್ಮ ಫ್ಲಾಂಡರ್ಸ್‌ನಲ್ಲಿ ಏಪ್ರಿಲ್ ತಿಂಗಳ ದೊಡ್ಡ ಸೈಕಲ್ ರೇಸ್ ನೋಡಲು ಜನ ಮೂರು ಗಂಟೆ ಚಳಿಯಲ್ಲಿ ನಿಲ್ಲುತ್ತಾರೆ. ಸವಾರರು ದಾಟಿಹೋಗುವುದು ಅರ್ಧ ನಿಮಿಷದಲ್ಲಿ. ಹುಚ್ಚು ಅನ್ನುವವರು ಅನ್ನಲಿ, ನಾನೂ ನಿಲ್ಲುವವಳೇ. ಆದರೆ ನಿವೃತ್ತ ಪೋಸ್ಟ್‌ಮ್ಯಾನ್ ಓಡಿಲಣ್ಣನ ಹುಚ್ಚಿನ ಮುಂದೆ ನಮ್ಮದು ಏನೂ ಅಲ್ಲ. ಪುಟ್ಟ ಇಗರ್ಜಿಯ ಬಳಿ ರಸ್ತೆಯ ನಡುವೆ ಒಂದು ಕಲ್ಲುಕಟ್ಟೆ ಇದೆ. ಅದರ ಮುಂದೆ ಹಳದಿ ಬಾವುಟ ಹಿಡಿದು, ಸೀಟಿ ಊದಿ ಸವಾರರನ್ನು ಎಚ್ಚರಿಸುವ ಕೆಲಸ ಮೂವತ್ತೊಂದು ವರ್ಷದಿಂದ ಅವನದೇ.

ಹೋದ ವರ್ಷ ಎಡವಟ್ಟಾಯಿತು. ಎಲ್ಲರಿಗಿಂತ ಮುಂದೆ ಬರುತ್ತಿದ್ದವನು ನಮ್ಮೂರ ಬೇಕರಿಯ ಗೊಡೆಲೀವ್‌ಳ ಮಗ ಯೆಲ್ಲೆ. ಕಂಡದ್ದೇ ತಡ, ಓಡಿಲಣ್ಣ ಸೀಟಿಯನ್ನು ಬಾಯಿಂದ ಉಗುಳಿ, ಬಾವುಟವನ್ನು ತಲೆಯ ಮೇಲೆತ್ತಿ ಕುಣಿಸಿದ. "ಬಾರೋ ನಮ್ಮಪ್ಪಾ, ಬಾರೋ!" ಯೆಲ್ಲೆ ದನಿ ಗುರುತಿಸಿ ತಲೆ ತಿರುಗಿಸಿದ. ಚಕ್ರ ಕಟ್ಟೆಗೆ ಬಡಿಯಿತು. ಹೆಗಲ ಮೂಳೆ ಎರಡು ತುಂಡು.

ಯಾರೂ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಓಡಿಲಣ್ಣ ಬೇಕರಿಯ ಕಡೆ ತಲೆ ಹಾಕುವುದನ್ನೇ ಬಿಟ್ಟು, ಬ್ರೆಡ್ಡಿಗೆ ಪಕ್ಕದೂರಿಗೆ ಹೋಗತೊಡಗಿದ. ಈ ಸಲ ಬಾವುಟವನ್ನು ಊರ ಸೈಕಲ್ ಕ್ಲಬ್ಬಿಗೆ ಹಿಂದಿರುಗಿಸಲು ಹೊರಟಾಗ ಹೆಂಡತಿ ಜುಲ್ಮಾ ಬಾಗಿಲಿಗೆ ಅಡ್ಡ ನಿಂತಳು.

"ಹುಡುಗನ ಮೂಳೆ ಕೂಡ್ಕೊಂಡು ಆರು ತಿಂಗಳಾಯ್ತು. ಅವನೇ ಮತ್ತೆ ಸೈಕಲ್ ಹತ್ತಿದಾನೆ, ನಿಮಗೇನ್ರೀ ಧಾಡಿ?"

"ಅವನು ಕಂಡ್ರೆ ಕೈ ನನ್ನ ಮಾತು ಕೇಳಲ್ಲ ಕಣೇ."

"ಹಂಗಾದ್ರೆ ನೋಡ್ಲೇಬೇಡಿ. ಬರೀ ಟೈರ್ ನೋಡಿ."

ರೇಸಿನ ಭಾನುವಾರ, ಸವಾರರ ತಲೆಯ ಮೇಲೇ ಹಾರಿಬರುವ ಟೀವಿಯವರ ಹೆಲಿಕಾಪ್ಟರ್ ಸದ್ದು ಕೇಳಿದಾಗ ರಸ್ತೆಯಾಚೆ ಗೊಡೆಲೀವ್ ನಿಂತಿದ್ದಳು. ನಾನು ಈಚೆ ಬದಿಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಓಡಿಲಣ್ಣ ಕಣ್ಣನ್ನು ಡಾಂಬರಿಗೆ ನೆಟ್ಟ. ಸೀಟಿ ಒಂದೇ ಸಮ ಕೂಗಿತು, ಬಾವುಟ ಎದೆಮಟ್ಟ ಬಿಟ್ಟು ಮೇಲೇಳಲಿಲ್ಲ. ಚಕ್ರಗಳು ಕಟ್ಟೆಯ ಎರಡೂ ಬದಿಗೆ ಕವಲೊಡೆದು ಹರಿದವು. ಸವಾರರ ಹಿಂದೆ ಬರುವ ತಂಡದ ಕಾರುಗಳಲ್ಲಿ ಕೊನೆಯದೂ ದಾಟಿತು.

"ಯಾರಾದ್ರೂ ಬಿದ್ರಾ?" ತಲೆ ಎತ್ತದೆಯೇ ಕೇಳಿದ.

"ಒಬ್ರೂ ಇಲ್ಲ," ಅಂದೆ.

"ಯೆಲ್ಲೆ?"

"ನಾಲ್ಕನೆಯವನು. ನಿನ್ನ ಪಕ್ಕದಲ್ಲೇ ಹೋದ್ನಲ್ಲೋ ಮಾರಾಯಾ!"

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ರೇಸ್ ನೋಡದ ಆ ಮನುಷ್ಯ ಕಟ್ಟೆಯ ಮೇಲೆ ಕುಸಿದು ಕೂತು, ಬಾವುಟದಲ್ಲೇ ಮುಖ ಒರೆಸಿಕೊಂಡ. ನನಗೂ ಎದೆ ಹಗುರಾಯಿತು.

ಗೊಡೆಲೀವ್ ರಸ್ತೆ ದಾಟಿ ಬಂದಳು. "ಓಡಿಲಣ್ಣಾ, ಆ ಪಕ್ಕದೂರಿನ ಒಣಕಲು ಬ್ರೆಡ್ ತಿಂದಿದ್ದು ಸಾಕು. ನಾಳೆ ಬಾ."

"ನಾಳೆ ಸೋಮವಾರ, ನಿನ್ನಂಗಡಿ ರಜಾ ಅಲ್ವೇನಮ್ಮಾ?"

"ಹಿತ್ತಲ ಬಾಗಿಲು ತೆಗೆದಿರ್ತೀನಿ. ಯೆಲ್ಲೆನೂ ಇರ್ತಾನೆ. ರೇಸ್ ಹೆಂಗಿತ್ತು ಅಂತ ಅವನ ಬಾಯಿಂದಾನೇ ಕೇಳುವಂತೆ."