ಟಾಲಾದ ಹಿತ್ತಲಲ್ಲಿ ಪುಟ್ಟಣ್ಣ ಸರ್

ಪುಟ್ಟಣ್ಣನವರು ಐರ್ಲೆಂಡಿನ ಟಾಲಾಗೆ ಬಂದದ್ದು ಆರು ವಾರ ಇದ್ದು ಹೋಗಲೆಂದು. ಮಗಳು ಚಿತ್ರಾ ಅಲ್ಲಿ ಡಾಕ್ಟರು. ಅವರು ಬಂದಿಳಿದದ್ದು 2020ರ ಫೆಬ್ರವರಿಯಲ್ಲಿ. ಮಾರ್ಚಿನಲ್ಲಿ ಕೊರೊನಾದಿಂದಾಗಿ ಊರಿಗೆ ಹೋಗುವ ವಿಮಾನಗಳೇ ನಿಂತುಹೋದವು. ಮನೆಯಿಂದ ಎರಡು ಕಿಲೋಮೀಟರಿನಾಚೆ ಹೋಗುವಂತಿರಲಿಲ್ಲ. ಕೆಜಿಎಫ್‌ನ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಸೀಟಿ ಊದಿ ಹುಡುಗರನ್ನು ಓಡಿಸಿದ್ದ ಫುಟ್‌ಬಾಲ್ ಕೋಚ್ ಅವರು. ಈಗ ಓಡಿಸಲು ಸಿಕ್ಕವಳು ಎಂಟು ವರ್ಷದ ಮೊಮ್ಮಗಳು ತನ್ವಿ ಒಬ್ಬಳೇ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಅವಳಿಗೆ ಪಾಸ್ ಕೊಡುವುದನ್ನು ಕಲಿಸುತ್ತಿದ್ದಾಗ ಗೋಡೆಯಾಚೆಯಿಂದ ಒಂದು ದನಿ ಬಂತು.

“ಚೆಂಡನ್ನ ಕೈಯಲ್ಲಿ ಹಿಡ್ದು ಒದಿಯೋಕೆ ಹೇಳಿ!”

ಪಕ್ಕದ ಮನೆಯ ಯಜಮಾನ ಡೆಸ್ಸಿ. ನಿವೃತ್ತ ಬಸ್ ಚಾಲಕರು, ವಯಸ್ಸು ಎಪ್ಪತ್ತನಾಲ್ಕು. ಎಪ್ಪತ್ತು ದಾಟಿದವರು ಮನೆಯೊಳಗೇ ಇರಬೇಕೆಂದು ಸರ್ಕಾರ ಹೇಳಿದ್ದರಿಂದ ಅವರಿಗೂ ಹಿತ್ತಲೇ ಗತಿಯಾಗಿತ್ತು.

“ಕೈಯಲ್ಲಿ ಹಿಡ್ದ್ರೆ ಅದು ಫುಟ್‌ಬಾಲ್ ಹೇಗಾಗತ್ತೆ?” ಎಂದರು ಪುಟ್ಟಣ್ಣ, ತಮ್ಮ ಕೆಜಿಎಫ್ ಇಂಗ್ಲಿಷಿನಲ್ಲಿ.

“ಇಲ್ಲಿ ಅದೇ ಫುಟ್‌ಬಾಲ್. ನಿಮ್ಮದು ಸಾಕರ್.”

ಪುಟ್ಟಣ್ಣ ನೇರ ಒಳಗೆ ಹೋದರು. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ಮಗಳನ್ನು ಕೇಳಿದರು: “ನಿನ್ ಪಕ್ಕದ್ಮನೆಯವ್ರಿಗೆ ತಲೆ ಸರಿ ಇಲ್ವೇನಮ್ಮ?”

“ಅದು ಇಲ್ಲಿಯವ್ರ ಗೇಲಿಕ್ ಫುಟ್‌ಬಾಲ್, ಅಪ್ಪ, ಕೈಲೂ ಆಡ್ತಾರೆ. ಜಗಳ ಆಡ್ಬೇಡಿ. ನಾನು ನೈಟ್ ಡ್ಯೂಟಿಲಿದ್ರೆ ನಮ್ ಕಸದ್ ಬಿನ್ ಆಚೆ ಇಡೋರು ಅವ್ರೇ.”

ಜಗಳ ನಿಲ್ಲಲಿಲ್ಲ. ಡೆಸ್ಸಿ ಯೌವನದಲ್ಲಿ ಕಾಲೇಜು ತಂಡದಲ್ಲಿ ಆಡಿದವರು. ಅವರ ಕೋಚ್ ಫಾದರ್ ಮಲಾಕಿ ಹನ್ನೊಂದು ಕಪ್ ಗೆಲ್ಲಿಸಿದ್ದರಂತೆ. ಕಾಲೇಜು ಫುಟ್‌ಬಾಲಿನಲ್ಲಿ ಅಂಥ ಕೋಚ್ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ ಎಂಬುದು ಡೆಸ್ಸಿಯ ವಾದ.

“ಚೆಂಡೆತ್ಕೊಂಡು ಓಡೋ ಆಟಕ್ಕೆ ಕೋಚ್ ಯಾಕೆ? ಪೊಲೀಸ್ ಸಾಕು,” ಎಂದರು ಪುಟ್ಟಣ್ಣ.

ದಿನಾ ಹನ್ನೊಂದಕ್ಕೆ ಇಬ್ಬರೂ ತಮ್ಮತಮ್ಮ ಟೀ ಲೋಟ ಹಿಡಿದು ಗೋಡೆಯಿಂದ ದೂರ ನಿಂತು ಕೂಗಾಡುತ್ತಿದ್ದರು. ಫಾದರ್ ಮಲಾಕಿ ಮಳೆಯಲ್ಲಿ ಕೆಸರುಗುಡ್ಡ ಹತ್ತಿಸುತ್ತಿದ್ದರು. ಪುಟ್ಟಣ್ಣ ಬಿಸಿಲಲ್ಲಿ ಗಣಿಯ ಮಣ್ಣುದಿಬ್ಬ ಹತ್ತಿಸುತ್ತಿದ್ದರು. ಮೂರು ವಾರ ಕಳೆದರೂ ಇಬ್ಬರಲ್ಲಿ ಯಾರು ದೊಡ್ಡ ಕೋಚ್ ಎಂದು ತೀರ್ಮಾನವಾಗದಿದ್ದಾಗ ಪುಟ್ಟಣ್ಣ ಸಾಕ್ಷಿ ಕರೆಸಿದರು. ಹಳೆಯ ಕ್ಯಾಪ್ಟನ್ ಶ್ರೀಕಂಠನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಗೋಡೆಯ ಮೇಲೆ ನಿಲ್ಲಿಸಿದರು. ಅನುವಾದಕ್ಕೆ ತನ್ವಿ ನಿಂತಳು.

“ಶ್ರೀಕಂಠ, ನಮ್ ಕಾಲೇಜಿನ ಬೆಸ್ಟ್ ಕೋಚ್ ಯಾರು ಅಂತ ಇವ್ರಿಗೆ ಹೇಳಪ್ಪ.”

ಶ್ರೀಕಂಠ ತಲೆ ಕೆರೆದುಕೊಂಡ. “ನಿಜ ಹೇಳ್ಲಾ ಸರ್?”

“ನಿಜಾನೇ ಹೇಳು!”

“ಗಂಗಮ್ಮ, ಸರ್. ಕ್ಯಾಂಟೀನ್ ಗಂಗಮ್ಮ.”

ತನ್ವಿ ತಕ್ಷಣ ಅನುವಾದಿಸಿದಳು. ಡೆಸ್ಸಿ ಟೀ ಕೆಳಗಿಟ್ಟರು.

“ಯಾರು ಬೆಳಿಗ್ಗೆ ತಿಂದಿಲ್ಲ ಅಂತ ನೋಡಿ ಮೊಟ್ಟೆ ಕೊಡ್ತಿದ್ರು,” ಎಂದ ಶ್ರೀಕಂಠ. “ಮ್ಯಾಚಲ್ಲಿ ಗೆರೆ ಪಕ್ಕ ಸೌಟು ಹಿಡ್ಕೊಂಡು ನಿಂತು, ‘ಎಡಗಡೆ ಖಾಲಿ ಐತೆ, ಕಣ್ ಕಾಣಲ್ವೇನೋ!’ ಅಂತ ಕೂಗೋರು. ನೀವು ಸೀಟಿ ಊದ್ತಿದ್ರಿ ಸರ್. ನಾವು ಅವ್ರ ಮಾತು ಕೇಳ್ತಿದ್ವಿ.”

ಪುಟ್ಟಣ್ಣ ಎರಡು ದಿನ ಹಿತ್ತಲಿಗೆ ಬರಲಿಲ್ಲ. ಮೂರನೆಯ ದಿನ ಊಟ ಮಾಡುತ್ತ ಮಗಳಿಗೆ ಹೇಳಿದರು: “ತೊಂಬತ್ನಾಲ್ಕರ ಫೈನಲ್ಲಲ್ಲಿ ಆಯಮ್ಮ ಗೋಲ್‌ಕೀಪರನ್ನ ಬದಲಾಯ್ಸಿ ಅಂದ್ಲು. ನೀನು ಸಾರಿಗೆ ಉಪ್ಪು ನೋಡ್ಕೋ ಹೋಗು ಅಂದೆ. ನಾಲ್ಕು ಗೋಲಲ್ಲಿ ಸೋತ್ವಿ. ಇಪ್ಪತ್ತಾರು ವರ್ಷದಿಂದ ರೆಫರೀನ ಬೈತಾ ಇದೀನಿ.”

“ಅವ್ರಿಗೇ ಫೋನ್ ಮಾಡಿ, ಅಪ್ಪ,” ಎಂದಳು ಚಿತ್ರಾ.

ಮಾರನೆಯ ದಿನ ಹಿತ್ತಲಲ್ಲಿ ಹಿಡಿದ ಫೋನಿನಲ್ಲಿ ಮೊದಲು ಒಂದು ಫ್ಯಾನು, ಆಮೇಲೆ ಒಂದು ಕಿವಿ, ಕೊನೆಗೆ ಗಂಗಮ್ಮನ ಮುಖ ಕಾಣಿಸಿತು.

“ಗಂಗಮ್ಮ, ಅವತ್ತು ನೀವ್ ಹೇಳಿದ್ದೇ ಸರಿ. ತಪ್ಪು ನಂದು.” ಅವಳನ್ನು ‘ನೀವು’ ಎಂದದ್ದು ಅದೇ ಮೊದಲು.

“ಈಗ ಗೊತ್ತಾಯ್ತಾ ಸಾರ್? ಗೋಲ್‌ನಲ್ಲಿ ನಿಂತ್ಕೊಂಡು ಬಾಳೆಹಣ್ಣು ತಿಂತಿದ್ದ ಅವ್ನು!” ಎಂದು ರೇಗಿ, “ಹಿಂದೆ ಯಾರು ಆ ಕೆಂಪು ಸಾಹೇಬ್ರು?” ಎಂದಳು.

ಪುಟ್ಟಣ್ಣ ವಾದವನ್ನೆಲ್ಲ ವಿವರಿಸಿದರು.

“ಅವ್ರ ಫಾದರ್ ಎಷ್ಟು ಕಪ್ ಗೆದ್ದಿದ್ರಂತೆ?”

“ಹನ್ನೊಂದು.”

“ನಾವು?”

“ನಾವು... ಫೈನಲ್ಲಿಗೆ ಹೋಗಿದ್ವಲ್ಲ.”

“ಹಂಗಾದ್ರೆ ಫಾದರ್ರೇ ದೊಡ್ಡೋರು ಬಿಡಿ ಸಾರ್. ಇದಕ್ಕೆ ಮೂರು ವಾರ ಕೂಗಾಡ್ಬೇಕಾ?”

ತನ್ವಿ ಹೇಳಿದ್ದು ಕೇಳಿ ಡೆಸ್ಸಿ ಸೋತವರಂತೆ ತಲೆಯಾಡಿಸಿದರು. “ಫಾದರ್ ನಮಗೆ ಒಂದು ದಿನವೂ ಮೊಟ್ಟೆ ಕೊಟ್ಟವರಲ್ಲ,” ಎಂದು ಒಪ್ಪಿಕೊಂಡರು.

ಆ ಬೇಸಿಗೆ ಪೂರ್ತಿ ತನ್ವಿಗೆ ಕೋಚ್ ಗಂಗಮ್ಮನೇ. ಗಂಗಮ್ಮನಿಗೆ ಮಧ್ಯಾಹ್ನ ಮೂರೂವರೆ, ಟಾಲಾದಲ್ಲಿ ಬೆಳಿಗ್ಗೆ ಹನ್ನೊಂದು ಆಯಿತೆಂದರೆ ಹಿತ್ತಲಲ್ಲಿ ಹತ್ತು ಜನ ಸೇರಿದಷ್ಟು ಗಲಾಟೆ. ಪುಟ್ಟಣ್ಣನವರ ಕೆಲಸ ಫೋನ್ ಹಿಡಿದು ನಿಲ್ಲುವುದಷ್ಟೆ. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲವೆಂದು ಅವರು ದಿನಾ ಬೈಸಿಕೊಳ್ಳುತ್ತಿದ್ದರು.